ಸೋತರೂ ಡಿಗ್ರಿ ಎಲ್ಲಿ ಹೋಗುತ್ತದೆ?

ಕಳೆದ ವರ್ಷ ನಮ್ಮ ಪ್ರಾಜೆಕ್ಟಿನ ಒಂದು ದೊಡ್ಡ ರಿಲೀಸ್‌ಗೆ ಮೊದಲು ಟೀಮಿನವರನ್ನೆಲ್ಲ ಕೂರಿಸಿಕೊಂಡು ಒಂದು ಪ್ರೆಸೆಂಟೇಷನ್ ಮಾಡಿದ್ದೆ. ಅದರಲ್ಲೊಂದು ಸ್ಲೈಡ್ ಅಮೆರಿಕದ ಸಣ್ಣ ಕಾಲೇಜೊಂದರ ಮುದಿ ಫುಟ್‌ಬಾಲ್ ಕೋಚ್ ಬಗ್ಗೆ. ಆತ ತನ್ನ ಹುಡುಗರ ಮೇಲೆ ಕೂಗಾಡುತ್ತಿರಲಿಲ್ಲ, ಸೀಟಿ ಊದುತ್ತಿರಲಿಲ್ಲ, ಅಭ್ಯಾಸದಲ್ಲಿ ಯಾರನ್ನೂ ಕೆಡವಿಸುತ್ತಿರಲಿಲ್ಲ. ಆದರೂ ಆ ದೇಶದ ಕಾಲೇಜು ಫುಟ್‌ಬಾಲ್‌ನಲ್ಲಿ ಅವನಷ್ಟು ಪಂದ್ಯ ಗೆದ್ದ ಕೋಚ್ ಇನ್ನೊಬ್ಬನಿಲ್ಲ. ನಾವೂ ಹಾಗೇ ಕೆಲಸ ಮಾಡೋಣ, ಬೇಡದ ಮೀಟಿಂಗ್ ಬೇಡ, ರಾತ್ರಿ ಹನ್ನೊಂದರ ಕಾಲ್ ಬೇಡ ಎಂದೆ. ಎಲ್ಲರೂ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು.

ಮುಗಿದ ಮೇಲೆ ಟೆಸ್ಟಿಂಗ್ ಮಾಡುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ವಿಜಯಪುರದ ಕಡೆಯವಳು, ಏಜೆನ್ಸಿಯ ಮೂಲಕ ಕಾಂಟ್ರ್ಯಾಕ್ಟ್ ಮೇಲೆ ಬಂದವಳು. ಆಫೀಸಿನಲ್ಲಿ ನಾವಿಬ್ಬರೇ ಕನ್ನಡದವರು. "ಸರ್, ಆ ಹುಡುಗ್ರು ಮ್ಯಾಚ್ ಸೋತ್ರೂ ಅವರ ಡಿಗ್ರಿ ಎಲ್ಲೂ ಹೋಗೂದಿಲ್ಲಲ್ರಿ? ನನ್ ಕಾಂಟ್ರ್ಯಾಕ್ಟ್ ಈ ತಿಂಗಳ ಕಡೀಕ ಮುಗೀತದ" ಎಂದಳು. ದೂರುವ ದನಿಯೇನಲ್ಲ, ಸುಮ್ಮನೆ ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ.

ಆ ಸ್ಲೈಡನ್ನು ನಾನು ಎತ್ತಿಕೊಂಡಿದ್ದು ಆಸ್ಟಿನ್ ಮರ್ಫಿಯ 'ದಿ ಸ್ವೀಟ್ ಸೀಸನ್' ಎಂಬ ಪುಸ್ತಕದಿಂದ. ಬಹಳ ಇಷ್ಟಪಟ್ಟು ಓದಿದ್ದ ಪುಸ್ತಕ. ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ ಇನ್ನೊಮ್ಮೆ ಓದಿದೆ. ಈ ಬರಹ ಎರಡನೆಯ ಓದಿನದು.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಫುಟ್‌ಬಾಲ್ ಎನ್ನುವ ಆಟವಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡ ಹನ್ನೊಂದು ಜನ ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗಡಿಯಾಚೆಗೆ ಒಯ್ಯುವ ಆಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಪ್ರಯತ್ನ. ದಾಟದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಹಿಡಿದು ಓಡುವವನನ್ನು ಕೆಡವುವುದು ಟ್ಯಾಕಲ್. ಕಬಡ್ಡಿ ನೋಡಿ ಬೆಳೆದ ನಮಗೆ ಅರ್ಥವಾಗದ್ದೇನಲ್ಲ. ಸೆಪ್ಟೆಂಬರ್‌ನಿಂದ ನವೆಂಬರ್ ಮಧ್ಯದವರೆಗೆ, ಶನಿವಾರಕ್ಕೊಂದರಂತೆ ಸುಮಾರು ಹತ್ತು ಪಂದ್ಯ. ಆಮೇಲೆ ಗೆದ್ದವರಿಗೆ ನಾಕೌಟ್. ಒಂದು ಸೀಸನ್ ಎಂದರೆ ಇಷ್ಟೇ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಆಟ ಕೋಟ್ಯಂತರ ಡಾಲರಿನ ವ್ಯವಹಾರ. ಅದರ ಕೆಳಗೆ, ಟಿ.ವಿ.ಯವರು ತಿರುಗಿಯೂ ನೋಡದ ಇನ್ನೊಂದು ಲೋಕವಿದೆ. ಅದರ ಹೆಸರು ಡಿವಿಷನ್ 3. 1973ರಿಂದ ಇರುವ ಈ ವಿಭಾಗದಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಓದಿನ ಮೇಲೆ, ಮನೆಯ ಆದಾಯದ ಮೇಲೆ ನೆರವು ಸಿಗಬಹುದು. ಆಟದ ಹೆಸರಿನಲ್ಲಿ ಒಂದು ಡಾಲರೂ ಇಲ್ಲ. ಇಲ್ಲಿ ಆಡುವವರು ಓದಲು ಬಂದವರು, ಜೊತೆಗೆ ಆಡುವವರು.

ಮರ್ಫಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯ ವರದಿಗಾರ. ವರ್ಷವಿಡೀ ವಿಮಾನ, ಹೋಟೆಲು, ದೊಡ್ಡ ತಂಡಗಳು, ದೊಡ್ಡ ಅಹಂಕಾರಗಳು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಇವನು ಅತಿಥಿಯಂತಾಗಿದ್ದ. 1999ರಲ್ಲಿ ಪತ್ರಿಕೆಯಿಂದ ರಜೆ ಪಡೆದು, ಕ್ಯಾಲಿಫೋರ್ನಿಯಾದಿಂದ ಸಂಸಾರ ಸಮೇತ ಮಿನ್ನೆಸೋಟದ ಕಾಲೇಜ್‌ವಿಲ್‌ಗೆ ಹೋಗಿ, ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ತಂಡದ ಜೊತೆ ಒಂದು ಸೀಸನ್ ಕಳೆದ. ಪುಸ್ತಕ 2001ರಲ್ಲಿ ಬಂತು. ಸೇಂಟ್ ಜಾನ್ಸ್ 1857ರಲ್ಲಿ ಬೆನೆಡಿಕ್ಟೀನ್ ಸನ್ಯಾಸಿಗಳು ಕಟ್ಟಿದ, ಗಂಡುಹುಡುಗರು ಮಾತ್ರ ಓದುವ ಕಾಲೇಜು. ಸುತ್ತ ಕಾಡು, ಕೆರೆ. ನಡುವೆ ಮಾರ್ಸೆಲ್ ಬ್ರೋಯರ್ ವಿನ್ಯಾಸ ಮಾಡಿದ ಕಾಂಕ್ರೀಟಿನ ಮಠದ ಚರ್ಚು. ಬಟ್ಟಲಿನಂಥ ತಗ್ಗಿನಲ್ಲಿ ಮೈದಾನ.

ಅಲ್ಲಿನ ಕೋಚ್ ಜಾನ್ ಗಲಾರ್ಡಿ. 1953ರಲ್ಲಿ ಬಂದವನು, 2012ರವರೆಗೆ ಅಲ್ಲೇ ಇದ್ದ. ಒಟ್ಟು 489 ಗೆಲುವು, 138 ಸೋಲು, 11 ಡ್ರಾ. ಅವನ ವಿಧಾನವೆಂದರೆ 'ಬೇಡ'ಗಳ ಒಂದು ಉದ್ದ ಪಟ್ಟಿ. ಅಭ್ಯಾಸದಲ್ಲಿ ಟ್ಯಾಕಲ್ ಬೇಡ. ಸೀಟಿ ಬೇಡ. ದಪ್ಪ ಪ್ಲೇಬುಕ್ ಬೇಡ. ಕಡ್ಡಾಯದ ಕಸರತ್ತು ಬೇಡ. ನನ್ನನ್ನು ಕೋಚ್ ಎಂದು ಕರೆಯುವುದು ಬೇಡ, ಜಾನ್ ಎನ್ನಿ. ತಂಡಕ್ಕೆ ಸೇರಬೇಕೆಂದು ಬಂದ ಯಾರನ್ನೂ ತೆಗೆದುಹಾಕುವುದು ಬೇಡ. ಹಾಗಾಗಿ ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಹುಡುಗರು. ಕಸರತ್ತಿನ ಹೊತ್ತಿಗೆ ಹುಡುಗರೆಲ್ಲ ಹುಲ್ಲಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡಿ, ಪಕ್ಕದವನಿಗೆ "ಒಳ್ಳೆಯ ದಿನ ಅಲ್ವಾ" ಎನ್ನುವುದು ಒಂದು ಪದ್ಧತಿ. ಇದನ್ನು ಓದಿ ನಗದೆ ಇರಲು ನನಗೆ ಎರಡು ಸಲವೂ ಆಗಲಿಲ್ಲ.

ಪುಸ್ತಕದ ದೊಡ್ಡ ಗುಣ ಅದರ ಹಗುರ. ಮರ್ಫಿ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳಬಲ್ಲ. ಮನೆಯೊಳಗಿನ ಜಗಳ, ಮಕ್ಕಳ ಹಟ, ಗಂಡನ ರಜೆಗಾಗಿ ಹೆಂಡತಿ ತನ್ನ ಊರು ಬಿಟ್ಟು ಬಂದ ಕಿರಿಕಿರಿ, ಎಲ್ಲವನ್ನೂ ಪಂದ್ಯಗಳ ನಡುನಡುವೆ ಸೇರಿಸುತ್ತಾನೆ. ಆಟದ ಪುಸ್ತಕಗಳು ಸಾಮಾನ್ಯವಾಗಿ ಕೊನೆಯ ಕಪ್ಪಿನ ಕಡೆಗೆ ಓಡುತ್ತವೆ, ಇದು ಓಡುವುದಿಲ್ಲ. ಆ ವರ್ಷದ ಡಿವಿಷನ್ 3 ಕಪ್ ಪೆಸಿಫಿಕ್ ಲುಥೆರನ್ ಕಾಲೇಜಿಗೆ ಹೋಯಿತು, ಸೇಂಟ್ ಜಾನ್ಸ್‌ಗಲ್ಲ. ಸೇಂಟ್ ಜಾನ್ಸ್ ಮರುವರ್ಷ ಫೈನಲ್‌ನಲ್ಲಿ ಸೋತಿತು; ಮತ್ತೆ ಕಪ್ ಸಿಕ್ಕಿದ್ದು 2003ರಲ್ಲಿ. ಅಂದರೆ ಮರ್ಫಿ ಹೋಗಿದ್ದು ಕಪ್ ಇಲ್ಲದ ವರ್ಷ. ಆದರೂ ಓದಿ ಮುಗಿಸಿದಾಗ ಏನೋ ಕಡಿಮೆಯಾಯಿತು ಅನ್ನಿಸುವುದಿಲ್ಲ. ಇದು ಸಣ್ಣ ಸಾಧನೆಯಲ್ಲ.

ಆದರೆ ಯಾಕೆ ಕಡಿಮೆ ಅನ್ನಿಸುವುದಿಲ್ಲ? ಮೊದಲ ಓದಿನಲ್ಲಿ ಇದು ಗಲಾರ್ಡಿಯ ದೊಡ್ಡತನ, ಸನ್ಯಾಸಿಗಳ ಸಹವಾಸ, ಆ ಜಾಗದ ಗುಣ ಎಂದುಕೊಂಡಿದ್ದೆ. ಮರ್ಫಿಯೂ ಹಾಗೇ ಅಂದುಕೊಂಡಿದ್ದಾನೆ. ಎರಡನೆಯ ಓದಿನಲ್ಲಿ ಕಂಡಿದ್ದು ಬೇರೆ. ಅಲ್ಲಿ ಸೋತರೆ ಏನೂ ಆಗುವುದಿಲ್ಲ. ಶನಿವಾರ ಸೋತ ಹುಡುಗ ಸೋಮವಾರ ಅಕೌಂಟಿಂಗ್ ಕ್ಲಾಸಿಗೆ ಹೋಗುತ್ತಾನೆ. ಅವನ ಡಿಗ್ರಿ ಆಟದ ಮೇಲೆ ನಿಂತಿಲ್ಲ. ಆ ಸೀಸನ್ನಿನ ಸಿಹಿ ಬಂದಿರುವುದು ಹೆಚ್ಚಿನ ಪಾಲು ಈ ನೆಮ್ಮದಿಯಿಂದ. ಲೇಖಕನಿಗೂ ಅದೇ ನೆಮ್ಮದಿ: ರಜೆ ಮುಗಿದ ಮೇಲೆ ಅವನ ಕುರ್ಚಿ ಅವನಿಗಾಗಿ ಕಾದಿರುತ್ತದೆ. ಪುಸ್ತಕ ಇದನ್ನು ಎಲ್ಲಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂಥ ಬರಹ ನಮಗೆ ಹೊಸದೇನಲ್ಲ. ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗಿ ಬಂದು, ಅಲ್ಲಿನ ಕೆರೆ, ಗದ್ದೆಯ ಬದು, ದೊಡ್ಡಮ್ಮನ ಕೈರುಚಿ, ನಿಧಾನವಾಗಿ ನಡೆಯುವ ಗಡಿಯಾರ ಎಂದು ನಾವೂ ಬರೆಯುತ್ತೇವೆ. ನಾನೇ ಬರೆದಿದ್ದೇನೆ. ಆ ನಾಲ್ಕು ದಿನ ಸುಳ್ಳಲ್ಲ. ಆದರೆ ರಿಟರ್ನ್ ಟಿಕೆಟ್ ಜೇಬಿನಲ್ಲಿ ಇರುವುದರಿಂದಲೇ ಊರು ಅಷ್ಟು ಚೆಂದ ಕಾಣುತ್ತದೆ ಎಂಬ ಸಾಲನ್ನು ನಾವು ಬರೆಯುವುದಿಲ್ಲ. ಮರ್ಫಿಯೂ ಬರೆದಿಲ್ಲ.

ಸೋತರೆ ಏನಾದರೂ ಆಗುವ ಜಾಗದಲ್ಲಿ ಇದೇ ಆಟ, ಇಷ್ಟೇ ಉದ್ದದ ಸೀಸನ್ ಹೇಗಿರುತ್ತದೆ? ಅದನ್ನು ನೋಡಲು 'ಲಾಸ್ಟ್ ಚಾನ್ಸ್ ಯು' ಇದೆ. ಗ್ರೆಗ್ ವೈಟ್‌ಲಿ ನಿರ್ದೇಶನದ ಈ ಸಾಕ್ಷ್ಯಚಿತ್ರ ಸರಣಿ 2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದರ ಮೊದಲ ಭಾಗ ಮಿಸಿಸಿಪ್ಪಿಯ ಸ್ಕೂಬಾ ಎಂಬ ಪುಟ್ಟ ಊರಿನ ಈಸ್ಟ್ ಮಿಸಿಸಿಪ್ಪಿ ಕಮ್ಯುನಿಟಿ ಕಾಲೇಜಿನ 2015ರ ಸೀಸನ್. ಎರಡು ವರ್ಷದ ಕೋರ್ಸಿನ ಕಾಲೇಜು. ಇಲ್ಲಿಗೆ ಬರುವ ಆಟಗಾರರಲ್ಲಿ ಕೆಲವರು ದೊಡ್ಡ ವಿಶ್ವವಿದ್ಯಾಲಯಗಳಿಂದ ಹೊರಬಿದ್ದವರು, ಇನ್ನು ಕೆಲವರು ಹೈಸ್ಕೂಲಿನ ಅಂಕ ಸಾಲದೆ ಅಲ್ಲಿಗೆ ಹೋಗಲಾಗದವರು. ಬಹುಪಾಲು ಕಪ್ಪು ಹುಡುಗರು, ಹಲವರು ಬಡ ಮನೆಗಳವರು. ಎರಡು ವರ್ಷದೊಳಗೆ ಮೈದಾನದಲ್ಲೂ ಕ್ಲಾಸಿನಲ್ಲೂ ಪಾಸಾದರೆ ದೊಡ್ಡ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್. ಆಗದಿದ್ದರೆ ಬಸ್ ಹತ್ತಿ ವಾಪಸ್ಸು.

ಕೋಚ್ ಬಡ್ಡಿ ಸ್ಟೀಫನ್ಸ್ ಕೂಗುತ್ತಾನೆ, ಬೈಯುತ್ತಾನೆ, ಟೋಪಿ ಎಸೆಯುತ್ತಾನೆ. ಅಕ್ಟೋಬರ್‌ನಲ್ಲಿ ಮಿಸಿಸಿಪ್ಪಿ ಡೆಲ್ಟಾ ಕಾಲೇಜಿನ ವಿರುದ್ಧದ ಪಂದ್ಯದಲ್ಲಿ ಎರಡೂ ತಂಡಗಳ ಹುಡುಗರು ಮೈದಾನದಲ್ಲೇ ಹೊಡೆದಾಡಿಕೊಳ್ಳುತ್ತಾರೆ. ಎರಡೂ ತಂಡಗಳು ನಾಕೌಟ್‌ನಿಂದ ಹೊರಗೆ. 2013, 2014ರಲ್ಲಿ ರಾಷ್ಟ್ರೀಯ ಕಪ್ ಗೆದ್ದು ಸತತ ಮೂರನೆಯದಕ್ಕೆ ಹೊರಟಿದ್ದ ತಂಡದ ಸೀಸನ್ ಅಲ್ಲಿಗೆ ಮುಗಿಯುತ್ತದೆ.

ಸ್ಕೂಬಾಕ್ಕೆ ಇದೆಲ್ಲ ಹೊಸದಲ್ಲ ಎಂಬುದು ಇನ್ನೂ ಕುತೂಹಲದ ವಿಷಯ. 1950, 60ರ ದಶಕಗಳಲ್ಲಿ ಇದೇ ಕಾಲೇಜಿಗೆ ಬಾಬ್ 'ಬುಲ್' ಸಲಿವನ್ ಎಂಬ ಕೋಚ್ ಇದ್ದ. ಅವನ ಬಗ್ಗೆ ಫ್ರ್ಯಾಂಕ್ ಡಿಫೋರ್ಡ್ 1984ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದ, ಅದೂ ಮರ್ಫಿ ದುಡಿದ ಅದೇ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯಲ್ಲಿ. ಲೇಖನದ ಶೀರ್ಷಿಕೆಯೇ ಅವನನ್ನು ಎಂದೆಂದಿಗೂ ಅತ್ಯಂತ ಕಠಿಣ ಕೋಚ್ ಎಂದು ಕರೆಯುತ್ತದೆ. ಹೀಗೆ ಒಂದೇ ಪತ್ರಿಕೆ ಸಣ್ಣ ಕಾಲೇಜಿನ ಆಟದ ಎರಡು ಪುರಾಣಗಳನ್ನು ಕಟ್ಟಿಕೊಟ್ಟಿತು: ಒಂದರಲ್ಲಿ ಹುಲ್ಲಿನ ಮೇಲೆ ಮಲಗಿ ಆಕಾಶ ನೋಡುವ ಹುಡುಗರು, ಇನ್ನೊಂದರಲ್ಲಿ ಕೋಚ್‌ನ ಹೆಸರಿಗೇ ನಡುಗುವ ಹುಡುಗರು. ಎರಡನ್ನೂ ನಾವು ಬಾಯಿ ಚಪ್ಪರಿಸಿಕೊಂಡೇ ಓದುತ್ತೇವೆ.

ಸರಣಿಯಲ್ಲಿ ನನ್ನ ಮನಸ್ಸಿನಲ್ಲಿ ನಿಂತಿದ್ದು ಕೋಚ್ ಅಲ್ಲ, ಪಂದ್ಯಗಳೂ ಅಲ್ಲ. ಆಟಗಾರರ ಓದು ನೋಡಿಕೊಳ್ಳುವ ಬ್ರಿಟನಿ ವ್ಯಾಗ್ನರ್. ಕ್ಲಾಸಿಗೆ ಹೊರಟ ಹುಡುಗನನ್ನು ತಡೆದು "ಪೆನ್ಸಿಲ್ ಇದೆಯಾ?" ಎಂದು ಕೇಳುವುದೇ ಅವಳ ಕೆಲಸ. ಯಾರು ಯಾವ ಕ್ಲಾಸ್ ತಪ್ಪಿಸಿದ, ಯಾರಿಗೆ ಇನ್ನೆಷ್ಟು ಅಂಕ ಬೇಕು, ಯಾರ ಪ್ರಬಂಧ ಇನ್ನೂ ಬಂದಿಲ್ಲ ಎಂಬ ಲೆಕ್ಕ ಅವಳ ತಲೆಯಲ್ಲಿದೆ. ಸೋತ ಹುಡುಗನಿಗೂ ಒಂದು ಬಾಗಿಲು ತೆರೆದಿರಲಿ ಎಂದು ನೋಡಿಕೊಳ್ಳುವವಳು ಅವಳೊಬ್ಬಳೇ. ಅಲ್ಲಿ ಆಟಕ್ಕಿಂತ ಆ ಪೆನ್ಸಿಲ್ ದೊಡ್ಡದು ಎಂದು ಸರಣಿಗೆ ಗೊತ್ತಿದೆ; ಅದು ಅದರ ನಿಜವಾದ ಶಕ್ತಿ.

ಆದರೆ ಸರಣಿಯೂ ಪ್ರಾಮಾಣಿಕವಾಗಿ ಉಳಿಯುವುದಿಲ್ಲ. ಹುಡುಗರ ಅನಿಶ್ಚಿತತೆಯೇ ಅದರ ಬಂಡವಾಳ. ಇವನು ಪಾಸಾಗುತ್ತಾನೋ ಇಲ್ಲವೋ ಎಂಬಲ್ಲಿ ಕಂತು ನಿಲ್ಲಿಸಿ, ಮುಂದಿನ ಕಂತಿಗೆ ನಮ್ಮನ್ನು ತಳ್ಳುತ್ತದೆ. ಹತ್ತೊಂಬತ್ತು ವರ್ಷದವನ ಬದುಕು ನಮಗೆ ವಾರಾಂತ್ಯದ ಸಸ್ಪೆನ್ಸ್ ಆಗುತ್ತದೆ. ಎರಡನೆಯ ಭಾಗದಲ್ಲಿ, ತೆರೆಯ ಮೇಲೆ ತನ್ನನ್ನು ನೋಡಿಕೊಂಡ ಸ್ಟೀಫನ್ಸ್ ಬೈಗುಳ ಬಿಡಲು ಹೆಣಗುತ್ತಾನೆ. ಕ್ಯಾಮೆರಾ ಮುಂದೆ ತಿದ್ದಿಕೊಳ್ಳುವ ಆ ಹೆಣಗಾಟವೂ ಒಂದು ಕಥೆಯಾಗಿ ಮಾರಾಟವಾಗುತ್ತದೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸುಲಭದ ತೀರ್ಮಾನವೊಂದು ಹೊಳೆಯುತ್ತದೆ: ಗಲಾರ್ಡಿಯ 'ಬೇಡ'ಗಳು ಉಳ್ಳವರ ಐಷಾರಾಮ, ಇಲ್ಲದವರಿಗೆ ಸ್ಟೀಫನ್ಸ್‌ನಂಥವನೇ ಬೇಕು. ನಮ್ಮ ಉದ್ಯೋಗದಲ್ಲಿ ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತೇನೆ. ಹುಡುಗರಿಗೆ ಹಸಿವಿರಬೇಕು, ಒತ್ತಡ ಹಾಕಿದರೇ ಕೆಲಸ, ಇತ್ಯಾದಿ. ನಾನೂ ಹೇಳಿದವನೇ.

ಗಲಾರ್ಡಿಯ ಬದುಕು ಈ ತೀರ್ಮಾನವನ್ನು ಒಪ್ಪುವುದಿಲ್ಲ. ಆತ ಹುಟ್ಟಿದ್ದು 1926ರಲ್ಲಿ, ಕೊಲರಾಡೊದ ಟ್ರಿನಿಡಾಡ್ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ, ಇಟಲಿಯಿಂದ ವಲಸೆ ಬಂದವರ ಮನೆಯಲ್ಲಿ. ಎರಡನೆಯ ಮಹಾಯುದ್ಧಕ್ಕೆ ಹೈಸ್ಕೂಲಿನ ಕೋಚ್ ಸೈನ್ಯಕ್ಕೆ ಹೋಗಬೇಕಾಗಿ ಬಂದಾಗ, ತಂಡವನ್ನು ಮುಚ್ಚಬೇಡಿ, ನಾನೇ ನಡೆಸುತ್ತೇನೆ ಎಂದು ಮುಂದೆ ಬಂದ. ಆಗ ಅವನಿಗೆ ಹದಿನಾರು ವರ್ಷ. ಆ ಕಾಲದಲ್ಲಿ ಅಭ್ಯಾಸದ ನಡುವೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ. ನೀರು ಕುಡಿಯುವವನು ಹೇಡಿ ಎಂಬ ನಂಬಿಕೆ. ಗಲಾರ್ಡಿ ಮೊದಲು ತೆಗೆದುಹಾಕಿದವುಗಳಲ್ಲಿ ಈ ನಿಯಮವೂ ಒಂದು. ಅವನ 'ಬೇಡ'ಗಳು ಹುಟ್ಟಿದ್ದು ಮಠದ ಕೆರೆಯ ದಂಡೆಯ ಮೇಲಲ್ಲ. ಹುಡುಗರ ಮುಂದೆ ಗಣಿ ಮತ್ತು ಯುದ್ಧ ಇದ್ದ ಊರಿನಲ್ಲಿ, ಕೋಚ್‌ನ ಕಾಟ ಆಟಗಾರನಾಗಿ ಉಂಡಿದ್ದ ಹುಡುಗನ ತಲೆಯಲ್ಲಿ.

ಅಂದರೆ ಕಷ್ಟದ ಜಾಗಕ್ಕೆ ಕ್ರೌರ್ಯವೇ ಬೇಕೆಂದೇನೂ ಇಲ್ಲ. ಆದರೆ ಬರೀ 'ಬೇಡ'ಗಳಿಂದಲೂ ಆಗುವುದಿಲ್ಲ. ಮೈದಾನದ ಒಳಗೆ ಭಯ ತೆಗೆಯುವುದು ಅರ್ಧ ಕೆಲಸ. ಮೈದಾನದ ಹೊರಗೆ ಅವನಿಗಾಗಿ ಬಾಗಿಲೊಂದನ್ನು ತೆರೆದಿಡುವುದು ಇನ್ನರ್ಧ. ಕಾಲೇಜ್‌ವಿಲ್‌ನಲ್ಲಿ ಎರಡನೆಯ ಅರ್ಧ ಮೊದಲೇ ಸಿದ್ಧವಾಗಿತ್ತು. ಹಾಗಾಗಿ ಮರ್ಫಿಗೆ ಅದು ಕಾಣಲಿಲ್ಲ. ಸ್ಕೂಬಾದಲ್ಲಿ ಅದನ್ನು ಒಬ್ಬ ಹೆಂಗಸು ಪೆನ್ಸಿಲ್ ಹಿಡಿದು ಒಂಟಿಯಾಗಿ ಮಾಡುತ್ತಿದ್ದಳು. ಮೈದಾನದೊಳಗೆ ಕೂಗಾಟ ನಡೆದೇ ಇತ್ತು. ಎರಡೂ ಅರ್ಧಗಳನ್ನು ಒಟ್ಟಿಗೆ ನೋಡಿದ ಪುಸ್ತಕವಾಗಲಿ ಸಿನಿಮಾ ಆಗಲಿ ನನಗೆ ಇನ್ನೂ ಸಿಕ್ಕಿಲ್ಲ.

ಸಣ್ಣ ಕಾಲೇಜುಗಳ ಲೋಕವೇ ಒಂದು ನಿಷ್ಕಲ್ಮಶ ಲೋಕ ಎಂಬ ಮರ್ಫಿಯ ಧ್ವನಿಗೂ ನಂತರದ ವರ್ಷಗಳು ಉತ್ತರ ಕೊಟ್ಟಿವೆ. ಸೇಂಟ್ ಜಾನ್ಸ್‌ನ ಹಳೆಯ ಎದುರಾಳಿ ಸೇಂಟ್ ಥಾಮಸ್, ಅದೇ ಒಕ್ಕೂಟದ ಕಾಲೇಜು. 2017ರಲ್ಲಿ ಅದು ಸೇಂಟ್ ಓಲಾಫ್ ಕಾಲೇಜನ್ನು 97–0 ಅಂತರದಲ್ಲಿ ಸೋಲಿಸಿತು. 2019ರಲ್ಲಿ ಒಕ್ಕೂಟ, ನೀವು ನಮಗೆ ಸರಿಸಾಟಿಯಲ್ಲ, ಬೇರೆ ಜಾಗ ನೋಡಿಕೊಳ್ಳಿ ಎಂದು ಸೇಂಟ್ ಥಾಮಸ್‌ಗೆ ಬಾಗಿಲು ತೋರಿಸಿತು. 2021ರಲ್ಲಿ ಅದು ನೇರ ಡಿವಿಷನ್ 1ಕ್ಕೆ ಹೋಯಿತು. ಸ್ಕಾಲರ್‌ಶಿಪ್ ಇಲ್ಲದ ಲೋಕದಲ್ಲೂ ಉಳ್ಳವರು, ಇಲ್ಲದವರು ಇದ್ದಾರೆ.

ಇನ್ನು ಮರ್ಫಿ. 2018ರ ಡಿಸೆಂಬರ್‌ನಲ್ಲಿ ಅವನು 'ದಿ ಅಟ್ಲಾಂಟಿಕ್' ಪತ್ರಿಕೆಗೆ ಒಂದು ಲೇಖನ ಬರೆದ. ಮೂರು ದಶಕ ದುಡಿದ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್'ನಲ್ಲಿ ಅವನ ಕೆಲಸ ಹೋಗಿತ್ತು. ಈಗ ಅಮೆಜಾನ್‌ನ ಪಾರ್ಸೆಲ್ ತುಂಬಿದ ವ್ಯಾನ್ ಓಡಿಸಿ ಮನೆಮನೆಗೆ ಹಂಚುತ್ತಿದ್ದ. ಆ ಲೇಖನದಲ್ಲೂ ಹಳೆಯ ನಗು ಇದೆ, ತನ್ನನ್ನೇ ಗೇಲಿ ಮಾಡಿಕೊಳ್ಳುವ ಗುಣ ಇದೆ. ಆದರೆ ಮೂತ್ರಕ್ಕೆ ಹೋಗಲೂ ಪುರುಸೊತ್ತಿಲ್ಲದ ದಿನದ ಬಗ್ಗೆ ಬರೆಯುವಾಗ ಅವನಿಗೆ ಸಮಯ ಎಂದರೇನು, ಕೆಲಸ ಎಂದರೇನು ಎಂಬುದು 'ಸ್ವೀಟ್ ಸೀಸನ್' ಬರೆದ ಮನುಷ್ಯನಿಗಿಂತ ಚೆನ್ನಾಗಿ ಗೊತ್ತಿದೆ. ನನ್ನ ಮಟ್ಟಿಗೆ ಆ ಲೇಖನವೇ ಈ ಪುಸ್ತಕದ ಕೊನೆಯ ಅಧ್ಯಾಯ. ಪುಸ್ತಕ ಓದುವವರು ಅದನ್ನೂ ಓದಲೇಬೇಕು. ಇದನ್ನು ಕುಹಕದಿಂದ ಹೇಳುತ್ತಿಲ್ಲ. ನಲವತ್ತು ದಾಟಿದ ನಮ್ಮಂಥವರಿಗೆ ಆ ವ್ಯಾನ್ ತೀರಾ ದೂರದ್ದೇನಲ್ಲ.

ಗಲಾರ್ಡಿಯೂ ಅದೇ 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡ. 91 ವರ್ಷ. ಅವನಷ್ಟು ದಿನ ಮನುಷ್ಯತ್ವ ಬಿಡದೆ ಗೆದ್ದವರು ಕಡಿಮೆ ಎಂದು ಈಗಲೂ ನಂಬುತ್ತೇನೆ. ಆ ಕಾರಣಕ್ಕೇ 'ದಿ ಸ್ವೀಟ್ ಸೀಸನ್' ಓದಿ ಎನ್ನುತ್ತೇನೆ. ಓದುವಾಗ ಮಾತ್ರ ಪ್ರತಿ ಪಂದ್ಯ ಮುಗಿದಾಗ ಆ ಹುಡುಗಿಯ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳಿ.

ಅವಳ ವಿಷಯ ಹೇಳದೆ ಮುಗಿಸುವುದು ಸರಿಯಲ್ಲ. ಅಂದು ಮಧ್ಯಾಹ್ನವೇ ಸಂಬಂಧಪಟ್ಟವರ ಬಳಿ ಹೋಗಿ, ರಿಲೀಸ್ ಹೇಗೇ ಆಗಲಿ ಇವಳ ಕಾಂಟ್ರ್ಯಾಕ್ಟ್ ಮುಂದುವರಿಸಿ ಎಂದು ಕೇಳಿದೆ. ಆರು ತಿಂಗಳು ಕೇಳಿದ್ದಕ್ಕೆ ಮೂರು ತಿಂಗಳು ಸಿಕ್ಕಿತು. ಅದು ಮುಗಿಯುವಷ್ಟರಲ್ಲಿ ಅವಳೇ ಬೇರೆ ಕಡೆ ಪರ್ಮನೆಂಟ್ ಕೆಲಸ ಹುಡುಕಿಕೊಂಡಳು. ಗಲಾರ್ಡಿಯ ಸ್ಲೈಡ್ ಇನ್ನೂ ಇದೆ. ಅದನ್ನು ತೋರಿಸುವ ಮೊದಲು ಯಾರ ಕಾಂಟ್ರ್ಯಾಕ್ಟ್ ಯಾವ ತಾರೀಖಿಗೆ ಮುಗಿಯುತ್ತದೆ ಎಂಬ ಶೀಟ್ ಒಮ್ಮೆ ತೆರೆದು ನೋಡುತ್ತೇನೆ. ಅದನ್ನು ನೋಡಿದ ಮೇಲೆ ಕೆಲವು ಸಲ ಆ ಸ್ಲೈಡ್ ತೋರಿಸಲು ಮನಸ್ಸಾಗುವುದಿಲ್ಲ.